ದ್ರಾಕ್ಷಿತೋಟಕ್ಕೆ ಪ್ರಸ್ಥಾನ

ಶಿವರಂಜನ್ ಹೊರಡುವುದಕ್ಕೆ ಮೊದಲೇ ಅವನ ಚೀಲ ಹೊರಟಿತು. ಹೊರಡಿಸಿದವರು ಮಾವ ಗಂಗಾಧರಪ್ಪ.

"ಶನಿವಾರ ಸಂಜೆ ಹೊರಟ್ರೆ ಹೋದ ಕೆಲಸ ಆಗಲ್ಲ ಅಳಿಯಂದ್ರೇ," ಎಂದರು ಅವರು ಪಂಚಾಂಗದಿಂದ ಕಣ್ಣು ತೆಗೆಯದೆ. "ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ಒಳ್ಳೇ ಗಳಿಗೆ ಐತೆ. ಆಗ್ಲೇ ಹೊರಡಿ."

"ಬಸ್ಸಿರೋದೇ ಸಂಜೆ, ಮಾವ."

"ನೀವು ಸಂಜೆಗೇ ಹೋಗಿ. ಯಾರು ಬೇಡ ಅಂದ್ರು? ಪ್ರಸ್ಥಾನ ಈಗ ಹೋಗ್ಲಿ."

ಪ್ರಸ್ಥಾನವೆಂದರೆ, ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಬದಲು ಅವನ ಸಾಮಾನನ್ನು ಹೊಸ್ತಿಲು ದಾಟಿಸಿ ಅಕ್ಕಪಕ್ಕದ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ತನಗೆ ಅನುಕೂಲವಾದಾಗ ಹೋಗಿ ಸಾಮಾನನ್ನು ಕೂಡಿಕೊಳ್ಳಬಹುದು. ಗ್ರಹಗಳಿಗೂ ಬಸ್ಸಿನವರಿಗೂ ನಡುವೆ ಹಿರಿಯರು ಮಾಡಿಟ್ಟ ರಾಜಿ ಅದು.

"ಬರೀ ಬಟ್ಟೆ ಇಟ್ಟರೆ ಸಾಲದು," ಗಂಗಾಧರಪ್ಪ ಮುಂದುವರಿಸಿದರು. "ನಿಮ್ಮ ಮೈಗೆ ಅಂಟ್ಕೊಂಡಿರೋ ವಸ್ತು ಒಂದಾದ್ರೂ ಇರಬೇಕು. ಯಾವುದನ್ನ ಬಿಟ್ಟು ನೀವು ಇರೋದೇ ಇಲ್ಲ?"

"ಫೋನು!" ಹೆಂಡತಿ ಕೋಮಲಾ ಅಡುಗೆಮನೆಯಿಂದಲೇ ಕೂಗಿದಳು.

ಹೀಗೆ ಓಟದ ಶೂ, ಚಡ್ಡಿ, ಬನಿಯನ್ನುಗಳ ಜೊತೆ ಫೋನೂ ಚೀಲ ಸೇರಿತು. ಚೀಲ ಮೆಟ್ಟಿಲಿಳಿದು ಕೆಳಗಿನ ಮನೆಯ ರಾಮದಾಸರ ಸೋಫಾದ ಮೇಲೆ ಕೂತಿತು. ಶಿವರಂಜನ್ ಬೇಸರಪಡಲಿಲ್ಲ. ಆ ದಿನ ಅವನು ಯಾವುದಕ್ಕೂ ಬೇಸರಪಡುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಕಂಬಂ ಕಣಿವೆಯ ದ್ರಾಕ್ಷಿತೋಟಗಳ ನಡುವೆ ಹಾಫ್ ಮ್ಯಾರಥಾನ್ ಓಡಲಿದ್ದ. ವೈನ್ ಮಾಡುವ ಒಂದು ಕಂಪನಿ ಅದನ್ನು ಏರ್ಪಡಿಸಿತ್ತು. ಚೆನ್ನೈನ ಅಂಚಿನ ತಾಂಬರಂನಿಂದ ಓಟಗಾರರಿಗೆಂದೇ ಬಸ್ಸು, ತೋಟದಲ್ಲಿ ವಸತಿ, ಇಪ್ಪತ್ತೊಂದು ಕಿಲೋಮೀಟರ್ ಹಸಿರು ಚಪ್ಪರಗಳ ಪಕ್ಕದ ಮಣ್ಣುದಾರಿ. ಅಷ್ಟು ದೂರವೂ ಯಾರೂ ಅವನೊಡನೆ ಮಾತಾಡುವುದಿಲ್ಲ.

ಅವನಿಗೆ ಬೇಕಾಗಿದ್ದದ್ದು ಅದೊಂದೇ. ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ವಿಭಾಗದಲ್ಲಿ ಅವನ ಕೆಲಸ. ಕಾರು ಗುದ್ದಿಸಿಕೊಂಡವರು, ಗುದ್ದಿದವರು, ಗುದ್ದಿದ್ದನ್ನು ನೋಡಿದವರು ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಅವನ ಕಿವಿಯಲ್ಲಿ ಮತ್ತೆ ಮತ್ತೆ ಗುದ್ದಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಮಾವನ ಗ್ರಹಗತಿ, ಕೋಮಲಾಳ ಅಪಾರ್ಟ್‌ಮೆಂಟ್ ವಾರ್ತೆ. ಮಗಳಿಗೆ ಆಸೆಪಟ್ಟು ಮೌನ ಎಂದು ಹೆಸರಿಟ್ಟಿದ್ದ; ಅವಳು ತಮಿಳು, ಇಂಗ್ಲಿಷ್ ಎರಡರಲ್ಲೂ ಒಟ್ಟಿಗೆ ಮಾತಾಡುತ್ತಿದ್ದಳು. ಏದುಸಿರು ಬಿಡುತ್ತಿರುವವನನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ ಎಂಬುದನ್ನು ಅವನು ಒಂದು ಬೆಳಿಗ್ಗೆ ಮನೆ ಹತ್ತಿರದ ವೇಲಚೇರಿ ಕೆರೆಯ ದಂಡೆಯಲ್ಲಿ ಆಕಸ್ಮಿಕವಾಗಿ ಕಂಡುಕೊಂಡ. ಅಂದಿನಿಂದ ಓಡುತ್ತಿದ್ದ. ಎಲ್ಲರಿಗೂ ಆರೋಗ್ಯಕ್ಕೆ ಎನ್ನುತ್ತಿದ್ದ. ಆದರೆ ಈಚೆಗೆ ಕೆರೆ ದಂಡೆಯವರೂ ಪರಿಚಯವಾಗಿ, ಪಕ್ಕದಲ್ಲೇ ಓಡುತ್ತ ಪಾಲಿಸಿ ವಿಚಾರಿಸತೊಡಗಿದ್ದರು. ಅದಕ್ಕೇ ಈ ದೂರದ ಕಣಿವೆ.

"ಆ ದ್ರಾಕ್ಷೀಲಿ ಏನ್ ಮಾಡ್ತಾರೆ ಅಂತ ನಂಗೂ ಗೊತ್ತು," ಎಂದು ಗಂಗಾಧರಪ್ಪ ಆಗಲೇ ಇತ್ಯರ್ಥ ಮಾಡಿದ್ದರು. "ತೋಟದಲ್ಲಿ ಓಡ್ರಿ. ಪೀಪಾಯಿ ಕಡೆ ಓಡಬ್ಯಾಡ್ರಿ."

ಮಧ್ಯಾಹ್ನ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಶಿವರಂಜನ್ ಕೆಳಗಿಳಿದ. ರಾಮದಾಸರ ಬಾಗಿಲಿಗೆ ಬೀಗ.

ಎದುರುಮನೆಯ ಜಾನಕಮ್ಮ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರು ಬಾಗಿಲಲ್ಲಿ ಕೂತಿರದ ಹೊತ್ತನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ.

"ಅವರಾ? ಕ್ರೋಂಪೇಟೆಗೆ ಹೋದ್ರು, ಮಗಳ ಮನೆಗೆ. ಗಂಡ ಹೆಂಡ್ತಿ ಇಬ್ಬರೂ."

"ನನ್ನ ಚೀಲ?"

"ಅದನ್ನೂ ತಗೊಂಡೇ ಹೋದ್ರು. ಹೊರಟ ಸಾಮಾನನ್ನ ಬೀಗ ಹಾಕಿದ ಮನೇಲಿ ಕೂಡಿಹಾಕ್ಬಾರದು, ಹೋಗೋರಿಗೆ ಆಗಲ್ಲ ಅಂತ ಅನಸೂಯ ಹೇಳಿದ್ಲು. ಎಷ್ಟು ಶಾಸ್ತ್ರ ತಿಳ್ಕೊಂಡಿದಾಳೆ ನೋಡು!"

ಶಿವರಂಜನ್ ಮೇಲೆ ಹೋಗಿ ಕೋಮಲಾಳ ಫೋನಿನಿಂದ ತನ್ನ ಫೋನಿಗೆ ಕರೆ ಮಾಡಿದ. ಯಾರೂ ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ; ಕೊಂಡ ದಿನದಿಂದ ಅವನು ಅದನ್ನು ಸೈಲೆಂಟಿನಲ್ಲೇ ಇಟ್ಟಿದ್ದ. ರಾಮದಾಸರ ನಂಬರ್ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ರಾಮದಾಸರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಡೀ ಸರ್ವೀಸನ್ನು ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಕಳೆದಿದ್ದರಿಂದ, ಆಗ ಆಡದೆ ಉಳಿದ ಮಾತನ್ನೆಲ್ಲ ಈಗ ಆಡಿ ತೀರಿಸುತ್ತಿದ್ದರು.

"ಕ್ರೋಂಪೇಟೆ ತಾಂಬರಂ ದಾರೀಲೇ ಇದೆ," ಎಂದ ಶಿವರಂಜನ್, ಅಂಗಿ ಹಾಕಿಕೊಳ್ಳುತ್ತ. "ಹೋಗ್ತಾ ಚೀಲ ತಗೊಂಡು ಹಾಗೇ ಬಸ್ಸಿಗೆ ಹೋಗ್ತೀನಿ. ಏನೂ ತೊಂದರೆ ಇಲ್ಲ."

ಚಪ್ಪಲಿ ಮೆಟ್ಟಿ ಆಟೋ ಹತ್ತಿದ. ಆಟೋದವನು ದಾರಿಯುದ್ದಕ್ಕೂ ತನ್ನ ಮೈದುನನ ಮದುವೆ ಮುರಿದ ಕತೆ ಹೇಳಿದ. ಶಿವರಂಜನ್ ಕಣ್ಣು ಮುಚ್ಚಿ ದ್ರಾಕ್ಷಿ ಗೊಂಚಲುಗಳನ್ನು ನೆನೆದುಕೊಂಡ.

ರಾಮದಾಸರ ಮಗಳು ವಂದನಾ ಬಾಗಿಲು ತೆರೆದು, "ಅಯ್ಯೋ ಅಣ್ಣಾ, ಅಪ್ಪ ಅಮ್ಮ ಈಗ ತಾನೇ ಹೊರಟ್ರು! ನಿಮ್ಮ ಚೀಲ ಕೊಡ್ಬೇಕು ಅಂತ ವೇಲಚೇರಿಗೇ ಹೋದ್ರು. ಬನ್ನಿ, ಉಕ್ಕಾರಿ, ಕೇಸರಿಬಾತ್ ಮಾಡಿದೀನಿ," ಎಂದಳು. ಮದರಾಸಿನಲ್ಲೇ ಹುಟ್ಟಿ ಬೆಳೆದವಳು. ಕೂರಿಸುವ ಮಾತು ಅವಳ ಬಾಯಲ್ಲಿ ಯಾವಾಗಲೂ ತಮಿಳಿನದೇ.

"ಬೇಡಮ್ಮ, ಬಸ್ಸಿಗೆ ಹೊತ್ತಾಗುತ್ತೆ. ಒಂದು ಫೋನ್ ಮಾಡ್ಲಾ?"

"ಕೇಸರಿಬಾತ್ ತಿಂದು ಮಾಡಿ."

ಎರಡು ಸಲ ಬಡಿಸಿಕೊಂಡು, ಮುಕ್ಕಾಲು ಗಂಟೆ ಅವಳ ಮಾತು ಕೇಳಿದ ಮೇಲೆ ಫೋನು ಅವನ ಕೈಗೆ ಸಿಕ್ಕಿತು. ಆ ಕಡೆ ಕೋಮಲಾ ಉಸಿರು ಕಟ್ಟಿಕೊಂಡೇ ಎತ್ತಿದಳು.

"ರೀ, ಎಲ್ಲಿದೀರಾ? ರಾಮದಾಸ್ ಅಂಕಲ್ ಚೀಲ ತಂದಿದ್ರು. ಅಪ್ಪ ಒಳಗೆ ಬಿಡಲೇ ಇಲ್ಲ!"

"ಯಾಕೆ?"

"ಹೋದ ಪ್ರಸ್ಥಾನ ವಾಪಸ್ ಹೊಸ್ತಿಲು ತುಳೀಬಾರದಂತೆ. ಬಾಗಿಲಿಗೆ ಅಡ್ಡ ನಿಂತುಬಿಟ್ರು. ಹಂಗಾರೆ ನಾವೇ ಬಸ್ಸಿಗೆ ತಲುಪಿಸ್ತೀವಿ ಅಂತ ಆಂಟಿ ಅಂಕಲ್ ಅದೇ ಆಟೋದಲ್ಲಿ ತಾಂಬರಂಗೆ ಹೋದ್ರು."

ಶಿವರಂಜನ್ ನಕ್ಕ. ಚೀಲ ತಾಂಬರಂಗೆ ಬರುತ್ತಿದೆ, ಅವನೂ ತಾಂಬರಂಗೆ ಹೋಗುತ್ತಾನೆ. ಕ್ರೋಂಪೇಟೆಯಿಂದ ಎರಡನೆಯ ಸ್ಟೇಷನ್ನು. ಎಲ್ಲವೂ ತಾನಾಗಿಯೇ ಸರಿಹೋಗುತ್ತಿತ್ತು.

ಲೋಕಲ್ ಟ್ರೈನು ಮಾತ್ರ ತಾಂಬರಂ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು, ಸಿಗ್ನಲ್ ಇಲ್ಲದೆ, ನೆಂಟರ ಮನೆಯ ಬಾಗಿಲಲ್ಲಿ ನಾಚಿಕೊಂಡ ಹೊಸ ಅಳಿಯನಂತೆ ನಿಂತುಬಿಟ್ಟಿತು. ಅದು ಮನಸ್ಸು ಮಾಡಿ ಒಳಗೆ ಬಂದಾಗ ಶಿವರಂಜನ್ ಜನರ ನಡುವೆ ನುಗ್ಗಿ, ಮೇಲ್ಸೇತುವೆ ಹತ್ತಿಳಿದು, ರಸ್ತೆಗೆ ಬಂದು ನೋಡಿದ. ದ್ರಾಕ್ಷಿ ಗೊಂಚಲಿನ ಬ್ಯಾನರ್ ಕಟ್ಟಿದ ಬಸ್ಸು ಕಂಡಿತು. ಅದು ಮೆಲ್ಲಗೆ ಚಲಿಸುತ್ತಿರುವುದೂ ಕಂಡಿತು.

ಹಿಂದಿನ ಗಾಜಿನಲ್ಲಿ ರಾಮದಾಸರ ಮುಖವಿತ್ತು. ಅವರ ಪಕ್ಕದಲ್ಲಿ ಅನಸೂಯಮ್ಮ. ಅನಸೂಯಮ್ಮನ ತೊಡೆಯ ಮೇಲೆ ಅವನ ಚೀಲ.

ಶಿವರಂಜನ್ ಓಡಿದ. ಚಪ್ಪಲಿ ಒಂದೊಂದಾಗಿ ಕಳಚಿ ಹೋದರೂ ಓಡಿದ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ಕೈಕೊಡಲಿಲ್ಲ. ಜಿಎಸ್‌ಟಿ ರಸ್ತೆ ಎಂಬ ಆ ಹೆದ್ದಾರಿಯ ಸಂಜೆಯ ಗದ್ದಲದಲ್ಲಿ ಅವನು ಬಸ್ಸಿನ ಹತ್ತಿರ ಹತ್ತಿರ ಬಂದ. ಬಸ್ಸಿನ ತುಂಬ ಇದ್ದವರು ಓಟಗಾರರು. ಬರಿಗಾಲಲ್ಲಿ ಇಷ್ಟು ಚೆನ್ನಾಗಿ ಓಡುವವನನ್ನು ಕಂಡು ಅವರಿಗೆ ಸಂತೋಷವಾಯಿತು. ಕಿಟಕಿಯ ಗಾಜು ಸರಿಸಿ ಕೈಗಳು ಹೊರಬಂದವು.

"ಸೂಪರ್ ಸಾರ್! ಅಪ್ಪಡಿತ್ತಾನ್! ವಿಡಾದೀಂಗ!"

ಹಾಗೇ ಓಡಿ, ಬಿಡಬೇಡಿ ಎಂದು ಅವರು ಚಪ್ಪಾಳೆ ತಟ್ಟಿದಷ್ಟೂ ಚಾಲಕನಿಗೆ ಹುಮ್ಮಸ್ಸು ಬಂತು. ಅವನು ಗೇರು ಬದಲಾಯಿಸಿದ. ರಾಮದಾಸರು ಗಾಜಿನ ಹಿಂದೆ ಎರಡೂ ಕೈ ಆಡಿಸುತ್ತ ಏನೋ ಹೇಳುತ್ತಿದ್ದರು. ಮೇಲ್ಸೇತುವೆಯ ಏರಿನಲ್ಲಿ ಬಸ್ಸು ಅವರನ್ನೂ ಮಾತನ್ನೂ ಹೊತ್ತುಕೊಂಡು ದಕ್ಷಿಣಕ್ಕೆ ಹೊರಟುಹೋಯಿತು.

ಅವನು ಮನೆಗೆ ಮರಳಿದಾಗ ಗಂಗಾಧರಪ್ಪ ಬರಿಗಾಲು ನೋಡಿದರು, ಕೇಳಿ ತಿಳಿದುಕೊಂಡರು, ತಲೆಯಾಡಿಸಿದರು.

"ನೋಡಿ. ಪ್ರಸ್ಥಾನ ಮಾಡಿದ್ದಕ್ಕೆ ಚೀಲ ಆದ್ರೂ ಹೋಯ್ತು."

ಮರುದಿನ ಬೆಳಿಗ್ಗೆ ಶಿವರಂಜನ್ ಎದ್ದಾಗ ಮನಸ್ಸು ಹಗುರವಾಗಿತ್ತು. ಓಟ ತಪ್ಪಿತು, ನಿಜ. ಆದರೆ ಕೈಯಲ್ಲಿ ಫೋನಿಲ್ಲ, ಕೆಳಗಿನ ಮನೆಯಲ್ಲಿ ರಾಮದಾಸರಿಲ್ಲ, ಭಾನುವಾರ. ತಾನು ಕಣಿವೆಗೆ ಹೋಗಿ ಹುಡುಕಬೇಕೆಂದಿದ್ದುದು ಬಾಲ್ಕನಿಯಲ್ಲೇ ಸಿಕ್ಕರೂ ಸಿಗಬಹುದು ಎಂದುಕೊಂಡು ಕಾಫಿ ಹಿಡಿದು ಕೂತ. ಎರಡು ಗುಟುಕು ನಿಶ್ಶಬ್ದವಾಗಿ ಇಳಿದವು.

"ಅಪ್ಪಾ! ವೀಡಿಯೋ ಕಾಲ್! ಉಂಗ ನಂಬರ್!" ಮೌನ ಕಿರುಚಿದಳು.

ಲಾಕು ಹಾಕಿರದ ಅವನದೇ ಫೋನಿನಿಂದ ಕೋಮಲಾಳ ಫೋನಿಗೆ ಕರೆ. ಮೌನ ಅದನ್ನು ಟಿವಿಗೆ ಜೋಡಿಸಿದಳು. ಗೋಡೆಯಗಲಕ್ಕೆ ರಾಮದಾಸರ ಬೆವೆತ ಮುಖ ಮೂಡಿತು. ಹಿಂದೆ ಸಾಲು ಸಾಲು ದ್ರಾಕ್ಷಿ ಚಪ್ಪರ, ಅದರಾಚೆ ನೀಲಿ ಬೆಟ್ಟ. ಎದೆಯ ಮೇಲೆ ಪಿನ್ನು ಚುಚ್ಚಿದ ನಂಬರಿನ ಕೆಳಗೆ ದಪ್ಪಕ್ಷರದಲ್ಲಿ ಶಿವರಂಜನ್ ಎಂಬ ಹೆಸರು.

"ತಂಬೀ! ಚೀಲ ಸೀಟಲ್ಲಿ ಇಡಣಾಂತ ಹತ್ತಿದ್ವಿ, ಎ.ಸಿ. ಜೋರಾಗಿತ್ತು, ಒಂದು ನಿಮಿಷ ಕೂತ್ವಿ, ಡ್ರೈವರ್ ಗಾಡಿ ಎಡ್ತುಟ್ಟ, ಬಿಟ್ಟೇಬಿಟ್ಟ! ಕೂಗಿದ್ರೂ ಕೇಳಿಸ್ಲಿಲ್ಲ! ಇಲ್ಲಿ ಬಂದ್ರೆ ನಿಮ್ಮ ಹೆಸರು ಕರೀತಾವ್ರೆ. ಕಟ್ಟಿದ ದುಡ್ಡು ವೇಸ್ಟ್ ಆಗ್ಬಾರ್ದಲ್ಲಾ? ಶೂ ನಂಗೆ ಕರೆಕ್ಟಾ ಆಯ್ತು!"

ಜಾನಕಮ್ಮ ಸೊಪ್ಪಿನ ತಟ್ಟೆಯ ಸಮೇತ ಮೇಲೆ ಬಂದರು. ಅವರ ಹಿಂದೆ ಮೂರನೆಯ ಮಹಡಿಯವರು, ನಾಲ್ಕನೆಯ ಮಹಡಿಯವರು. ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಶಿವರಂಜನ್‌ನನ್ನು ಗೌರವದಿಂದ ಟಿವಿಯ ಎದುರಿಗೇ ಕೂರಿಸಿದರು.

ರಾಮದಾಸರು ಸ್ವಲ್ಪ ಓಡಿದರು, ಹೆಚ್ಚು ನಡೆದರು, ಮಾತನ್ನು ಮಾತ್ರ ಎಲ್ಲಿಯೂ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಬಂದವರನ್ನೆಲ್ಲ ಊರು ಕೇಳಿದರು. ಕಾಲು ಹಿಡಿದುಕೊಂಡವರಿಗೆ ಧೈರ್ಯ ಹೇಳಿದರು. ಅಳುತ್ತ ಕೂತಿದ್ದ ಒಬ್ಬಳನ್ನು ಗೂಡ್ಸ್ ಗಾಡಿಯ ಕತೆ ಹೇಳಿ ಎಬ್ಬಿಸಿದರು. ನಡುನಡುವೆ ಫೋನಿಗೆ ಬಾಯಿ ಹಚ್ಚಿ ಕೂಗಿದರು:

"ತಂಬೀ, ಇಲ್ಲಿ ಏನು ನಿಶ್ಶಬ್ದ ಅಂತೀರಾ! ಒಂದು ಸದ್ದಿಲ್ಲ! ಒಂದು ಎಲೆ ಬಿದ್ರೂ ಕೇಳತ್ತೆ! ಮಾತಾಡಕ್ಕೇ ಮನಸ್ಸು ಬರಲ್ಲ ನೋಡಿ!"

ಆ ನಿಶ್ಶಬ್ದವನ್ನು ಅವರು ಮುಂದಿನ ಎಷ್ಟೋ ಕಿಲೋಮೀಟರ್‌ವರೆಗೆ ವರ್ಣಿಸಿದರು.

ಕಡೆಗೆ ಗೆರೆ ದಾಟಿದರು. ಹಿಂದೆ ಅವರು ಎಬ್ಬಿಸಿ ಕರೆತಂದ ಒಂದು ಗುಂಪೇ ಇತ್ತು, ಎಲ್ಲರೂ "ಶಿವರಂಜನ್! ಶಿವರಂಜನ್!" ಎಂದು ಕೂಗುತ್ತಿದ್ದರು. ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಕೋಮಲಾಳ ಕಣ್ಣಲ್ಲಿ ನೀರು ಬಂತು. ಗಂಡನ ಹೆಸರನ್ನು ಅಷ್ಟು ಜನ ಕೂಗಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಆಗ ಓಟ ಏರ್ಪಡಿಸಿದವರ ಕಡೆಯ ಉದಯ್ ಎಂಬ ಯುವಕ ಮೈಕು ಹಿಡಿದು ಪರದೆಯೊಳಗೆ ಬಂದ. ಹೊಸೂರಿನವನಂತೆ, ರಾಮದಾಸರ ಊರು-ವಿಚಾರಣೆಯಿಂದ ಅದು ಆಗಲೇ ಗೊತ್ತಾಗಿತ್ತು.

"ಇಂಥ ಓಟಗಾರನ್ನ ನಾನು ನೋಡೇ ಇಲ್ಲ," ಎಂದ ಅವನು. "ಮುಂದಿನ ತಿಂಗಳು ಚೆನ್ನೈ ಬೀಚಲ್ಲಿ ನಮ್ಮ ಹಾಫ್ ಮ್ಯಾರಥಾನ್ ಇದೆ. ಹೊಸಬರ ಗುಂಪನ್ನ ಮುಂದೆ ನಿಂತು ಓಡಿಸಕ್ಕೆ ಶಿವರಂಜನ್ ಸಾರೇ ಬರಬೇಕು. ಒಂದೇ ಕಂಡೀಷನ್ ಸಾರ್. ಶುರುವಿಂದ ಕಡೇ ತನಕ ಮಾತಾಡ್ತಾನೇ ಇರಬೇಕು. ಒಂದು ನಿಮಿಷ ಸುಮ್ಮನಾದ್ರೂ ಜನ ಕೂತುಬಿಡ್ತಾರೆ."

"ಕಂಡಿಪ್ಪಾ, ಖಂಡಿತ!" ಎಂದರು ರಾಮದಾಸರು. ಆಮೇಲೆ ಫೋನನ್ನು ಹತ್ತಿರ ತಂದು ದನಿ ತಗ್ಗಿಸಿದರು. "ತಂಬೀ, ನನ್ನ ಮಂಡಿ ಮುಗೀತು, ಇನ್ನು ಆಗಲ್ಲ. ಹೆಸರು ಹೆಂಗೂ ನಿಮ್ದೇ ಕೊಟ್ಟಾಯ್ತು. ಏನು ಮಾತಾಡ್ಬೇಕು ಅಂತ ನಾನು ದಿನಾ ಸಾಯಂಕಾಲ ಬಂದು ಹೇಳ್ಕೊಡ್ತೀನಿ. ಓಡೋದು ಮಾತ್ರ ನೀವು."

ಶಿವರಂಜನ್ ಎದ್ದು ನಿಂತ. ತನಗೆ ಬೇಡವೆಂದ, ಆಗುವುದಿಲ್ಲವೆಂದ, ತಾನು ಓಡುವುದೇ ಯಾಕೆಂದು ಅವರಿಗೆ ಗೊತ್ತೇ ಎಂದ. ಹುಟ್ಟಿದಂದಿನಿಂದ ಅವನು ಅಷ್ಟು ಉದ್ದಕ್ಕೆ ಮಾತಾಡಿರಲಿಲ್ಲ. ಪರದೆಯ ಮೇಲೆ ರಾಮದಾಸರೂ ಉದಯನೂ ನಗುನಗುತ್ತ ಕೈ ಕುಲುಕುತ್ತಿದ್ದರು.

"ಅಪ್ಪಾ, ಮ್ಯೂಟ್‌ಲ ಇರುಕ್ಕು," ಎಂದಳು ಮೌನ. "ಇಂಗ ಒರೇ ಸೌಂಡ್, ಅದಾನ್."

ಮನೆಯ ಗದ್ದಲ ಆ ಕಡೆ ಕೇಳದಿರಲೆಂದು ಅವಳೇ ಮ್ಯೂಟ್ ಮಾಡಿದ್ದಳು. ಅವಳು ಮತ್ತೆ ಗುಂಡಿ ಒತ್ತುವಷ್ಟರಲ್ಲಿ ಕರೆ ಕಡಿದಿತ್ತು. ಹಾಲ್‌ನಲ್ಲಿ ಜಾನಕಮ್ಮ ತಮಗೆ ಯಾವ ಶೂ ಆಗಬಹುದೆಂದು ವಿಚಾರಿಸುತ್ತಿದ್ದರು. ನಾಲ್ಕನೆಯ ಮಹಡಿಯವರು ಬೀಚಿಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳುತ್ತಿದ್ದರು. ಇಡೀ ಕಟ್ಟಡ ಶಿವರಂಜನ್‌ನ ಗುಂಪಿಗೆ ಸೇರಿಯಾಗಿತ್ತು. ಅವನು ಮೆಲ್ಲಗೆ ಕುರ್ಚಿಯಲ್ಲಿ ಕುಸಿದು, ಆರಿದ ಕಾಫಿಯನ್ನು ನೋಡುತ್ತ ಕೂತ.

ಗಂಗಾಧರಪ್ಪ ಪಕ್ಕಕ್ಕೆ ಬಂದು ಅಳಿಯನ ಭುಜ ತಟ್ಟಿದರು.

"ಹಿಂಗೆ ಸುಮ್ನೆ ಕೂತ್ರೆ ಆಗಲ್ಲ ಅಳಿಯಂದ್ರೇ. ಇರೋದು ಒಂದೇ ತಿಂಗಳು. ಏನಾದ್ರೂ ಮಾತಾಡಿ. ಅಭ್ಯಾಸ ಆಗ್ಲಿ."