ಹನ್ನೆರಡು ಅಂಕಿಯ ಗುಟ್ಟು

ಪಂಚಾಯತ್ ಕಚೇರಿಯಲ್ಲಿ ಗುಮಾಸ್ತನಾಗಿ ಕೂತವನಿಗೆ ನಗುವ ಸಂಗತಿ ದಿನಕ್ಕೊಂದಾದರೂ ಸಿಗುತ್ತದೆ. ಆಧಾರ್ ಕಾರ್ಡ್ ಬಂದ ಮೇಲೆ ಅವು ಇನ್ನೂ ಹೆಚ್ಚಾದವು. ಈ ನಾಲ್ಕನ್ನು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ನನಗೆ ಮಾತ್ರ ಸರಿಯಾಗಿ ನಗಲಿಕ್ಕೆ ಆಗುವುದಿಲ್ಲ.

ಲಾರಿಯ ನಂಬರು

ಆಗ ನಾನು ಬೆಳ್ತಂಗಡಿ ತಾಲೂಕಿನ ಒಂದು ಪಂಚಾಯತಿನಲ್ಲಿದ್ದೆ. ವಿಧವಾ ವೇತನ ಮಂಜೂರಾದವರ ಪಟ್ಟಿಯನ್ನು ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಹೆಸರು, ಗಂಡನ ಹೆಸರು, ಊರು, ಪಕ್ಕದಲ್ಲಿ ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಪೂರ್ತಿಯಾಗಿ. ಎಲ್ಲರಿಗೂ ಕಾಣಲಿ ಎಂದು ಅಕ್ಷರ ಸ್ವಲ್ಪ ದೊಡ್ಡದೇ ಮಾಡಿದ್ದೆ.

ಬೀಡಿ ಕಟ್ಟುವ ಒಬ್ಬ ಅಕ್ಕ ಬಂದರು. ಗಂಡ ಲಾರಿ ಡ್ರೈವರ್, ಹಿಂದಿನ ವರ್ಷ ಚಾರ್ಮಾಡಿ ಘಾಟಿಯಲ್ಲಿ ತೀರಿಹೋಗಿದ್ದರು. ಅಕ್ಕನಿಗೆ ಓದು ಬರುವುದಿಲ್ಲ. ಅವರ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇದೆಲ್ಲ ನನ್ನದೇ ನಂಬರಾ?"

"ಹೌದು ಅಕ್ಕ, ನಿಮ್ಮದೇ."

ತುಂಬ ಹೊತ್ತು ನೋಡಿದರು. "ಅವರ ಅಷ್ಟು ದೊಡ್ಡ ಲಾರಿಗೇ ನಾಲ್ಕು ಅಂಕಿ ಸಾಕಾಗಿತ್ತು. ಬೀಡಿ ಕಟ್ಟುವವಳಿಗೆ ಇಷ್ಟುದ್ದ ಯಾಕೆ ಸರ್?"

ಮೂರು ಸಿಮ್ಮು

ಐದಾರು ತಿಂಗಳಾಗಿರಬೇಕು. ಅದೇ ಅಕ್ಕ, ಠಾಣೆಯಿಂದ ಕರೆಸಿದ್ದಾರೆ ಎಂದು ಓಡಿ ಬಂದರು. ಜೊತೆಗೆ ನಾನೂ ಹೋದೆ. ಯಾರೋ ಅವರ ಆಧಾರ್ ಸಂಖ್ಯೆ ಹಾಕಿ ನಕಲಿ ಕಾರ್ಡ್ ಮಾಡಿ, ಅದರಿಂದ ಸಿಮ್ ತೆಗೆದು, ದೂರದ ಊರಿನ ಯಾರಿಗೋ ಮೋಸ ಮಾಡಿದ್ದರು.

"ನಿಮ್ಮ ಹೆಸರಿನಲ್ಲಿ ಮೂರು ಸಿಮ್ ಉಂಟು. ಯಾರಿಗೆ ಕೊಟ್ಟಿದ್ದೀರಿ?" ಎಂದರು ಪೊಲೀಸರು.

"ನನ್ನ ಹತ್ರ ಫೋನೇ ಇಲ್ಲ ಸರ್."

"ಇಲ್ಲಿ ನೋಡಿ, ಮೂರು ಉಂಟಲ್ಲ!"

ಅಕ್ಕ ಕಣ್ಣೊರೆಸಿಕೊಂಡು, "ಮೂರು ಉಂಟಾದರೆ ಒಂದು ನನಗೆ ಕೊಡಿ. ಮದುವೆಯಾಗಿ ಹೋದ ಮಗಳ ಸ್ವರ ಕೇಳದೆ ವರ್ಷ ಆಯ್ತು" ಎಂದರು.

ಪೊಲೀಸರೂ ನಕ್ಕುಬಿಟ್ಟರು. ಆದರೂ ಮತ್ತೆ ಮತ್ತೆ ಕರೆಸಿದರು. ನೆರೆಕರೆಯವರು ಗುಸುಗುಸು ಮಾಡಿದರು. ಕೊನೆಗೆ ತಪ್ಪಿಲ್ಲ ಎಂದು ಬಿಡುವಷ್ಟರಲ್ಲಿ ಅಕ್ಕ ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದ್ದರು. ಆಮೇಲೆ ಮೂಡುಬಿದಿರೆ ಹತ್ತಿರ ತಂಗಿಯ ಮನೆಗೆ ಹೋದರೆಂದು ಕೇಳಿದೆ.

ಸಂಖ್ಯೆ ಎಲ್ಲಿಂದ ಹೊರಗೆ ಹೋಯಿತೆಂದು ನನ್ನನ್ನು ಯಾರೂ ಕೇಳಲಿಲ್ಲ. ಪಟ್ಟಿ ಅಂಟಿಸಿದ ವಾರ ಒಬ್ಬ ಅದರ ಫೋಟೋ ಹೊಡೆಯುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಯಾರೂ ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ.

ಕಪ್ಪು ಮಸಿ

ಮುಂದೆ ಬಂಟ್ವಾಳ ತಾಲೂಕಿಗೆ ವರ್ಗವಾಯಿತು. ಪಟ್ಟಿಗಳಲ್ಲಿ ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣಬೇಕು ಎಂದು ಆದೇಶ ಬಂತು. ಉಳಿದವರು ಗೊಣಗಿದರು. ನಾನು ಕಪ್ಪು ಮಾರ್ಕರ್ ಹಿಡಿದು ಕೂತೆ. ಬಳಿದದ್ದನ್ನು ಬೆಳಕಿಗೆ ಹಿಡಿದು ನೋಡುವುದು, ಅಂಕಿ ಕಂಡರೆ ಮತ್ತೊಮ್ಮೆ ಬಳಿಯುವುದು.

ಪೊಳಲಿ ಕಡೆಯ ಒಬ್ಬ ಅಜ್ಜ ವೃದ್ಧಾಪ್ಯ ವೇತನದ ಪಟ್ಟಿ ನೋಡಿ ಸಿಟ್ಟಾದರು. "ನನ್ನ ಸಾಲಿಗೆ ಯಾಕೆ ಕಪ್ಪು ಬಳಿದದ್ದು? ಸತ್ತೆನೆಂದು ಬರ್ಕೊಂಡ್ರಾ?"

"ಇಲ್ಲ ಅಜ್ಜ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು."

"ನನ್ನ ಹೆಂಡತಿಯನ್ನು ಐಸಿಯು ಒಳಗೆ ಹಾಕುವಾಗಲೂ ಹೀಗೇ ಹೇಳಿದ್ರು ಮಾರಾಯ್ರೆ!"

ಆಚೆ ತಿರುಗಿ

ಈಗ ನಿವೃತ್ತನಾಗಿ ಮೂಡುಬಿದಿರೆಯಲ್ಲಿದ್ದೇನೆ. ಹೋದ ವರ್ಷ ಬಿ.ಪಿ. ತೋರಿಸಲಿಕ್ಕೆ ಆಸ್ಪತ್ರೆಗೆ ಹೋಗಿ ಚೀಟಿಯ ಸಾಲಿನಲ್ಲಿ ನಿಂತಿದ್ದೆ. ಎಲ್ಲರಿಗಿಂತ ಮುಂದೆ ಬೀಡಿ ಕಟ್ಟುವ ಅದೇ ಅಕ್ಕ. ಕೂದಲು ಪೂರ್ತಿ ನರೆತಿತ್ತು. ಮಾತಾಡಿಸುವ ಧೈರ್ಯ ಬರಲಿಲ್ಲ.

ಕೌಂಟರಿನ ಹುಡುಗಿ ಆಧಾರ್ ಕೇಳಿದಳು. ಅಕ್ಕ ಕಾರ್ಡನ್ನು ಚೀಲದಿಂದ ತೆಗೆದರು, ತೆಗೆದದ್ದನ್ನು ಸೆರಗಿನಿಂದ ಮುಚ್ಚಿದರು.

"ಕೊಡಿ ಅಮ್ಮ, ನೋಡಿ ಬರ್ಕೊಳ್ತೇನೆ."

"ನಿಮಗೆ ತೋರಿಸ್ತೇನೆ. ಇವರೆಲ್ಲ ಆಚೆ ತಿರುಗಲಿ."

"ಯಾರೂ ನೋಡುವುದಿಲ್ಲ ಅಮ್ಮ."

"ಒಮ್ಮೆ ಎಲ್ಲರೂ ನೋಡಿ ಆಗಿದೆ," ಎಂದು ಅಕ್ಕ ನಮ್ಮ ಕಡೆ ತಿರುಗಿದರು. "ತಿರುಗಿ, ಎಲ್ಲರೂ ಆಚೆ ತಿರುಗಿ."

ಅವರ ಕಣ್ಣು ನನ್ನ ಮುಖದ ಮೇಲೆ ಒಂದು ಕ್ಷಣ ನಿಂತಂತಾಯಿತು. ಗುರುತು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಮೊದಲು ಒಬ್ಬರು ನಗುತ್ತ ತಿರುಗಿದರು. ಆಮೇಲೆ ಮಗು ಎತ್ತಿಕೊಂಡ ತಾಯಿ, ಕೋಲು ಹಿಡಿದ ಮುದುಕರು, ಬಾಗಿಲಿನ ಸೆಕ್ಯೂರಿಟಿಯವನು ಕೂಡ. ಹತ್ತು ಹದಿನೈದು ಮಂದಿ ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ಗೋಡೆ ನೋಡುತ್ತ ನಿಂತೆವು. ಸುತ್ತ ಎಲ್ಲರಿಗೂ ನಗುವೋ ನಗು. ನಾನು ತಲೆ ತಗ್ಗಿಸಿ ನಿಂತೆ, ನಿಂತೇ ಇದ್ದೆ.

ಕೊನೆಗೆ ಯಾರೋ ನನ್ನ ಭುಜ ತಟ್ಟಿದರು. "ಸರ್, ಆ ಅಮ್ಮ ಹೋಗಿ ಆಯ್ತು. ನೀವಿನ್ನು ತಿರುಗಬಹುದು."