ನಮ್ಮ ಭಾವನ ಬ್ರೊಕೊಲಿ ವ್ಯಾಜ್ಯ

ಕಾಶಿಗೆ ಹೋಗಿ ಪಾಪ ಕಳೆದುಕೊಂಡು ಬಂದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹೂಕೋಸು ಕಳೆದುಕೊಂಡು ಬಂದು ವರ್ಷಗಟ್ಟಲೆ ಮುಖ ಊದಿಸಿಕೊಂಡವರನ್ನು ನೋಡಿದ್ದೀರಾ? ಇಲ್ಲವಾದರೆ ಕುವೆಂಪುನಗರಕ್ಕೆ ಬನ್ನಿ, ನಮ್ಮ ಭಾವನನ್ನು ತೋರಿಸುತ್ತೇನೆ!

ಭಾವ ಎಂದರೆ ನಮ್ಮಕ್ಕನ ಗಂಡ. ಕಾಶಿಗೆ ಹೋದವರು ಇಷ್ಟವಾದ ಒಂದು ತರಕಾರಿಯನ್ನು ಬಿಟ್ಟು ಬರುವ ವಾಡಿಕೆ ನಮ್ಮಲ್ಲಿದೆಯಷ್ಟೆ. ಭಾವ ರೈಲು ಹತ್ತುವ ಮೊದಲೇ ತೀರ್ಮಾನ ಮಾಡಿದ್ದರು: ಹಾಗಲಕಾಯಿ ಬಿಡುವುದು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ಮುಟ್ಟಿದವರಲ್ಲ, ಆ ಮಾತು ಬೇರೆ. ಗಂಗೆಯಲ್ಲಿ ಸೊಂಟದ ಮಟ್ಟ ನಿಂತಿದ್ದಾರೆ, ಅಲ್ಲಿನ ಕನ್ನಡ ಬಲ್ಲ ಪುರೋಹಿತರು ಏನು ಬಿಡುತ್ತೀರಿ ಎಂದು ಕೇಳಿದ್ದಾರೆ. ಭಾವ ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಅಕ್ಕ, "ಇವರಿಗೆ ಹೂಕೋಸು ಅಂದ್ರೆ ಪ್ರಾಣ ಸ್ವಾಮಿ" ಎಂದುಬಿಟ್ಟಳು. ಮುಗಿಯಿತು! ಚಳಿಗಾಲದ ಗಂಗೆಯಲ್ಲಿ ಹಲ್ಲು ಕಟಕಟ ಎನ್ನುತ್ತಿರುವಾಗ ಯಾರು ತಾನೆ ವಾದ ಮಾಡಿಯಾರು?

ಆಮೇಲೆ ಆ ಮನೆಯಲ್ಲಿ ಹೂಕೋಸಿನ ಹೆಸರೆತ್ತುವಂತಿರಲಿಲ್ಲ. ಮದುವೆ ಮನೆಯಲ್ಲಿ ಹೂಕೋಸಿನ ಪಲ್ಯ ಬಡಿಸುವವನು ಹತ್ತಿರ ಬಂದರೆ ಭಾವ ಎಲೆಯ ಮೇಲೆ ಕೈ ಅಡ್ಡ ಹಿಡಿದು, ತಲೆ ಮಾತ್ರ ಅವನು ಹೋದ ದಿಕ್ಕಿಗೇ ತಿರುಗಿಸುತ್ತಿದ್ದರು. ಪಂಕ್ತಿಯ ಕೊನೆಯವರೆಗೂ ಆ ಪಲ್ಯವನ್ನು ಕಣ್ಣಿನಿಂದಲೇ ಬೀಳ್ಕೊಡುತ್ತಿದ್ದರು.

ಹೀಗಿರುವಾಗ ಮೈಸೂರಿನ ತರಕಾರಿ ಅಂಗಡಿಗಳಿಗೆ ಬ್ರೊಕೊಲಿ ಬಂತು.

ನಾನು ಯಾದವಗಿರಿಯವಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿ ಆಯುಷ್ಯವಿಡೀ ಗಂಟೆಯ ಲೆಕ್ಕದಲ್ಲಿ ಬದುಕಿದವಳು. ಭಾನುವಾರ ಅಕ್ಕನ ಮನೆಯಲ್ಲಿ ಊಟವೆಂದರೆ ಹನ್ನೆರಡೂವರೆಗೆ ಎಲೆಯ ಮುಂದೆ ಇರುತ್ತೇನೆ. ಆ ಭಾನುವಾರ ಹೋದಾಗ ಎಲೆಯೂ ಇಲ್ಲ, ಊಟವೂ ಇಲ್ಲ. ಭಾವ ಕನ್ನಡಕ ಹಾಕಿಕೊಂಡು ಒಂದು ಪಾತ್ರೆಯ ಮುಂದೆ ಕೂತಿದ್ದಾರೆ. ಅದರಲ್ಲಿ ಉಪ್ಪು, ಅರಿಶಿನದ ನೀರು. ನೀರಿನಲ್ಲಿ ಹಸಿರು ಹೂವುಗಳು. ಹುಳ ಏಳಲಿ ಎಂದು ಕಾಯುತ್ತಿದ್ದಾರಂತೆ. ಅರ್ಧ ಗಂಟೆಯಿಂದ ಒಂದು ಹುಳವೂ ಎದ್ದಿರಲಿಲ್ಲ.

"ನೋಡಮ್ಮ, ನೀನೇ ಸಾಕ್ಷಿ. ಹೂಕೋಸಾಗಿದ್ರೆ ಹುಳ ಇರ್ಬೇಕಿತ್ತು. ಇಲ್ಲ. ಅಂದ್ಮೇಲೆ ಇದು ಹೂಕೋಸಲ್ಲ" ಎಂದರು ಭಾವ.

ಅಕ್ಕ ಒಗ್ಗರಣೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. "ನಾನು ಹಸಿರು ಸೀರೆ ಉಟ್ಕೊಂಡ್ರೆ ಬೇರೆಯವಳಾಗ್ಬುಡ್ತೀನಾ? ಅದು ಹೂಕೋಸೇ ಕಣ್ರೀ. ಗಂಗಮ್ಮನಿಗೆ ಮಾತು ಕೊಟ್ಟಿದ್ದೀರಿ."

ವ್ಯಾಜ್ಯ ಶುರುವಾದದ್ದು ಹೀಗೆ. ಭಾವ ಊರೆಲ್ಲ ಅಭಿಪ್ರಾಯ ಕೇಳಿಕೊಂಡು ಬಂದರು. ತರಕಾರಿ ಮಾರುವ ಹೆಂಗಸನ್ನು ಕೇಳಿದರೆ, ಕೊಳ್ಳುವುದಾದರೆ ಏನು ಬೇಕಾದರೂ ಅಂದುಕೊಳ್ಳಿ, ಸುಮ್ಮನೆ ಹಿಸುಕಬೇಡಿ ಎಂದಳಂತೆ. ಮನೆಯ ಪುರೋಹಿತರನ್ನು ಕೇಳಿದರು. ಅವರು ಬಹಳ ಹೊತ್ತು ಕಣ್ಣು ಮುಚ್ಚಿದ್ದು, ಈ ಹೆಸರು ಯಾವ ಶಾಸ್ತ್ರದಲ್ಲೂ ಇಲ್ಲ, ಆದ್ದರಿಂದ ನಿಷೇಧವೂ ಇಲ್ಲ ಎಂದರು. ಹೊರಡುವಾಗ ಅದನ್ನು ಹೇಗೆ ಬೇಯಿಸುವುದು ಎಂದೂ ವಿಚಾರಿಸಿಕೊಂಡು ಹೋದರು!

ಅಷ್ಟು ಸಾಕಾಯಿತು ಭಾವನಿಗೆ. ಆದರೆ ಅಕ್ಕ ಅದನ್ನು ಬೇಯಿಸಲು ಒಪ್ಪಲಿಲ್ಲ. ಭಾವ ತಾವೇ ಸೆರಗಿನಂತೆ ಟವೆಲ್ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತರು. ಮೊದಲ ದಿನ ಬೇಳೆಯ ಜೊತೆ ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸಿದರು. ಮುಚ್ಚಳ ತೆಗೆದರೆ ಹಸಿರು ಅಂಬಲಿ! ವಾಸನೆಗೆ ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಅಕ್ಕ ಬಾಗಿಲಲ್ಲಿ ನಿಂತು ನಕ್ಕಳು, ಅಷ್ಟೆ. ಏನೂ ಅನ್ನದೆ ನಗುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆದರೆ ಭಾವ ಹಟವಾದಿ. ವಾರ ವಾರವೂ ತಿದ್ದಿಕೊಂಡರು. ನಾನು ತಿಂದವಳು, ಹೇಳುತ್ತೇನೆ ಕೇಳಿ. ಬ್ರೊಕೊಲಿಯನ್ನು ಕುದಿಯುವ ಉಪ್ಪುನೀರಿನಲ್ಲಿ ಎರಡೇ ನಿಮಿಷ ಬಿಟ್ಟು ತೆಗೆದು ತಣ್ಣೀರಿಗೆ ಹಾಕಬೇಕು. ಬಣ್ಣ ಕೆಡುವುದಿಲ್ಲ, ಕಡಿದರೆ ಕರುಕ್ ಎನ್ನುತ್ತದೆ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಇಂಗಿನ ಒಗ್ಗರಣೆಗೆ ಹಾಕಿ, ದೊಡ್ಡ ಉರಿಯಲ್ಲಿ ಬೇಗ ಬೇಗ ಕೈಯಾಡಿಸಿ, ಹುರಿದ ಎಳ್ಳು, ಮೆಣಸಿನ ಪುಡಿ, ಕಾಯಿತುರಿ ಉದುರಿಸಿದರೆ ಪಲ್ಯ. ಮುಚ್ಚಳ ಮುಚ್ಚಿದಿರೋ, ಕೆಟ್ಟಿರಿ. ದಂಟನ್ನು ಬಿಸಾಡುವವರು ದಡ್ಡರು. ಸಿಪ್ಪೆ ಹೆರೆದು ಹೆಚ್ಚಿ ಕೂಟಿಗೆ ಹಾಕಿದರೆ ನವಿಲುಕೋಸು ನಾಚಬೇಕು. ಇನ್ನು ಬಜ್ಜಿ! ಕಡಲೆಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು, ಓಮ, ಅಚ್ಚಖಾರದ ಪುಡಿ ಹಾಕಿ ಕಲಸಿ, ತೆಳುವಾಗಿ ಅದ್ದಿ ಕರಿಯಬೇಕು. ಹೂವಿನ ಸಂದುಗಳಲ್ಲಿ ಹಿಟ್ಟು ಕೂತು ಗರಿಗರಿಯಾಗುತ್ತದೆ. ಮೊದಲ ಬಜ್ಜಿ ಬಾಯಿಗೆ ಹೋದಾಗ ಭಾವನ ಮುಖ ನೋಡಬೇಕಿತ್ತು. ಎಷ್ಟೋ ವರ್ಷ ಕಳೆದು ಊರಿಗೆ ಬಂದವರ ಮುಖ ಅದು.

"ಹೂಕೋಸಿನ ರುಚಿ ಬಂತಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಬಂತು ಎಂದರೆ ವ್ಯಾಜ್ಯ ಸೋತಂತೆ. ಇಲ್ಲ ಎಂದರೆ ಬಾಯಲ್ಲಿರುವ ಬಜ್ಜಿಗೆ ಮೋಸ! ಭಾವ ಬಿಸಿ ಬಿಸಿ ಎಂದು ಉಫ್ ಉಫ್ ಎನ್ನುತ್ತ ಹಿತ್ತಲಿಗೆ ಓಡಿದರು.

ಒಂದು ಭಾನುವಾರ ನನ್ನೆದುರೇ ಪಾತ್ರೆಯ ನೀರಿನಲ್ಲಿ ಒಂದು ಹುಳ ಎದ್ದಿತು. ಹಸಿರು ಹುಳ, ದಷ್ಟಪುಷ್ಟವಾಗಿತ್ತು. ಭಾವ ನನ್ನನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಚಮಚದಲ್ಲಿ ಎತ್ತಿ ಕಿಟಕಿಯಾಚೆ ಕಳಿಸಿದರು. ಶಿಸ್ತಿನ ವಿಷಯದಲ್ಲಿ ಯಾರನ್ನೂ ಬಿಟ್ಟವಳಲ್ಲ ನಾನು. ಅಕ್ಕನಿಗೆ ಹೇಳಿಯೇಬಿಟ್ಟೆ. ಭಾವ ಹಿಂಜರಿದರೆಂದುಕೊಂಡಿರಾ? ಹುಳವೂ ಹಸಿರು, ಹೂಕೋಸಿನ ಹುಳವಲ್ಲ, ಅದಕ್ಕೇ ಇದು ಬೇರೆ ಜಾತಿ ಎಂದು ಹೊಸ ವಾದ ಹೂಡಿದರು. ಅಕ್ಕ ಸೌಟು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹೀಗೆ ಎಷ್ಟೋ ಭಾನುವಾರಗಳು ಹೋದವು. ಒಬ್ಬರು ತಿನ್ನುತ್ತ ವಾದಿಸುವುದು, ಇನ್ನೊಬ್ಬರು ಬಡಿಸುತ್ತ ವಾದಿಸುವುದು. ತೀರ್ಪು ಮಾತ್ರ ಇಲ್ಲ.

ಅಕ್ಕ ತೀರಿಕೊಂಡು ಈಗ ವರ್ಷದ ಮೇಲಾಯಿತು. ವರ್ಷಾಂತಿಕ ಕಳೆದ ಮೇಲೆ ಭಾವ ಫೋನ್ ಮಾಡಿ ಭಾನುವಾರ ಊಟಕ್ಕೆ ಬಾ ಎಂದರು. ಹೋದೆ. ಎಲ್ಲ ಅವರೇ ಮಾಡಿದ್ದರು. ಬ್ರೊಕೊಲಿ ಪಲ್ಯ, ದಂಟಿನ ಕೂಟು, ಬಜ್ಜಿ. ಬಜ್ಜಿಯಂತೂ ಇಷ್ಟು ಚೆನ್ನಾಗಿ ಹಿಂದೆಂದೂ ಆಗಿರಲಿಲ್ಲ. ನನಗೆ ಬಡಿಸಿ, ಎದುರಿಗೆ ಕೂತು, ತಾವು ತಿಳಿಸಾರು ಅನ್ನ ಕಲಸಿಕೊಂಡರು. ಅವರ ಎಲೆಯಲ್ಲಿ ಒಂದು ತುಣುಕು ಹಸಿರೂ ಇರಲಿಲ್ಲ.

ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದೆ. ಸರಿಯಾಗಿದೆ ಎಂದರು. ಹಾಗಾದರೆ ಯಾಕೆ ಬಡಿಸಿಕೊಂಡಿಲ್ಲ ಎಂದು ಹಾಸ್ಟೆಲಿನ ಹುಡುಗಿಯರನ್ನು ಗದರುವ ದನಿಯಲ್ಲಿ ಕೇಳಿದೆ.

ಭಾವ ಕಲಸಿದ ಅನ್ನವನ್ನೇ ಮತ್ತೆ ಕಲಸಿದರು.

"ಅವಳು ಹೂಕೋಸೇ ಅಂದಿದ್ಳಲ್ಲಮ್ಮ. ಇದ್ದಾಗ ಎದುರು ಮಾತಾಡ್ತಿದ್ದೆ, ಅದೊಂದು ಚೆಂದ ಇತ್ತು. ಈಗ ತಿಂದ್ರೆ ಬೇಡ ಅನ್ನೋರಿಲ್ಲ. ಅವಳಂದಿದ್ದೇ ಸರಿ ಅಂತ ಬುಟ್ಬುಟ್ಟೆ."

ಎದ್ದು ಬಾಣಲೆಯ ಪಕ್ಕದಿಂದ ಇನ್ನೆರಡು ಬಜ್ಜಿ ತಂದು ನನ್ನ ಎಲೆಗೆ ಹಾಕಿದರು.

"ನೀನು ತಿನ್ನಮ್ಮ, ಆರೋಗುತ್ತೆ."