ನನ್ನ ಎಡಗಾಲಿನಲ್ಲಿ ವಾಸವಾಗಿರುವ ನಾರುಹುಳುವಿನವರಿಗೆ

ಮೊಳಕಾಲ್ಮೂರು, ನೇಕಾರರ ಬೀದಿ,
ಕೀಲಕ ಸಂವತ್ಸರ, ವೈಶಾಖ ಬಹುಳ ಪಂಚಮಿ.

ನನ್ನ ಎಡ ಮೀನಖಂಡದಲ್ಲಿ ಬಿಜಯಂಗೈದಿರುವ ಮಾನ್ಯರೇ,

ಈ ಬೀದಿಯ ರೇಷ್ಮೆ ನೇಕಾರ ಚಿತ್ತಯ್ಯನು ಮಲಗಿದ್ದಲ್ಲಿಂದಲೇ ಮಾಡುವ ಅನಂತ ನಮಸ್ಕಾರಗಳು. ಎದ್ದು ನಿಂತು ಕೈಮುಗಿಯುವುದು ಮರ್ಯಾದೆಯೆಂದು ಬಲ್ಲೆ. ಆದರೆ ನಿಲ್ಲುವುದಕ್ಕೆ ಬೇಕಾದ ಕಾಲು ಸದ್ಯ ತಮ್ಮ ಸ್ವಾಧೀನದಲ್ಲಿರುವುದರಿಂದ ಮನ್ನಿಸಬೇಕು. ತಾವು ಕ್ಷೇಮವಾಗಿರುವ ಸಂಗತಿ ಪ್ರತಿ ಗಳಿಗೆಯೂ ನನ್ನ ಅನುಭವಕ್ಕೆ ಬರುತ್ತಲೇ ಇದೆ. ತಮ್ಮ ಬಂಧುಬಳಗವೂ ಓದಲೆಂದು ಈ ಪತ್ರದ ಒಂದು ಪ್ರತಿಯನ್ನು ನಮ್ಮ ಮೆಟ್ಟಿಲುಬಾವಿಯ ಕಮಾನಿಗೆ ಅಂಟಿಸಲು ಏರ್ಪಾಡು ಮಾಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಆ ಬಾವಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಬೊಗಸೆ ನೀರು ಕುಡಿದಾಗ ನಾನೇ ತಮ್ಮನ್ನು ಬರಮಾಡಿಕೊಂಡೆನಂತೆ. ಕಣ್ಣಿಗೆ ಕಾಣದಷ್ಟು ಚಿಕ್ಕವರಾಗಿ ಒಳಗೆ ಬಂದು, ವರ್ಷವಿಡೀ ಯಾರಿಗೂ ತೊಂದರೆ ಕೊಡದೆ ಎರಡು ಮೊಳ ಬೆಳೆದು, ಸರಿಯಾಗಿ ನನ್ನ ಮಗಳು ಈಶ್ವರಮ್ಮನ ಲಗ್ನ ನಿಶ್ಚಯವಾದ ವಾರದಲ್ಲೇ ಚರ್ಮದ ಮೇಲೆ ಬೊಬ್ಬೆ ಎಬ್ಬಿಸಿ ತಲೆ ಹೊರಗೆ ಹಾಕಿದ ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಬೀಗರೇ ಇನ್ನೂ ಮನೆಗೆ ಬಂದಿರಲಿಲ್ಲ, ತಾವು ಬಂದಿದ್ದಿರಿ.

ನಾಟಿ ವೈದ್ಯ ದೊಡ್ಡೀರಪ್ಪನವರು ತಮ್ಮನ್ನು ಒಂದು ಪೊರಕೆಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಒಂದೇ ಸುತ್ತು ಸುತ್ತಬೇಕೆಂದು ಹೇಳಿ, ಅಷ್ಟು ಹೇಳಿದ್ದಕ್ಕೆ ಎರಡು ಕೋಳಿ ಹಿಡಿದುಕೊಂಡು ಹೋದರು. ಆಮೇಲೆ ನಡೆದದ್ದು ನನ್ನದೇ ಅಪರಾಧ. ನಡೆಯಲು ಕಲಿತಾಗಿನಿಂದ ಕಂಡಿಕೆಗೆ ರೇಷ್ಮೆ ಸುತ್ತಿದ ಕೈ ಇದು. ಎಳೆ ಸರಾಗವಾಗಿ ಬರುತ್ತಿದ್ದರೆ ನಿಲ್ಲಿಸುವುದು ಅದಕ್ಕೆ ಗೊತ್ತಿಲ್ಲ. ನಾಲ್ಕನೆಯ ದಿನ ಲಗ್ನದ ಮಾತಾಡುತ್ತಾ ಕುಳಿತವನು ಹದಿನೈದು ದಿನದ ಸುತ್ತನ್ನು ಒಂದೇ ಸಲಕ್ಕೆ ಸುತ್ತಿದೆ, ತಾವು ಕಡಿದು ಹೋದಿರಿ. ಬೇರೆ ಯಾರಾಗಿದ್ದರೂ ಬೊಬ್ಬಿಡುತ್ತಿದ್ದರು. ನಾನಾದರೋ, ಮಗ್ಗದ ಮುಂದೆ ಕುಳಿತಿದ್ದೇನೆಂದೇ ಬಗೆದು, ಬೆರಳಿಗೆ ಬೂದಿ ಹಚ್ಚಿಕೊಂಡು ತಮ್ಮ ಎರಡು ತುದಿಗಳನ್ನು ಹೊಸೆದು ಕೂಡಿಸಲು ಹೊರಟೆ. ಚಿತ್ತಯ್ಯ ಕೂಡಿಸಿದ ಎಳೆಯನ್ನು ಈ ತಾಲ್ಲೂಕಿನಲ್ಲಿ ಯಾರೂ ಗುರುತು ಹಿಡಿಯಲಾರರೆಂಬ ಹೆಸರು ನನಗಿದೆ. ತಾವೊಬ್ಬರೇ ಅದನ್ನು ಮನ್ನಿಸದೆ ಒಳಗೆ ಸರಿದುಬಿಟ್ಟಿರಿ. ಸಂಜೆಯೊಳಗೆ ಕಾಲು ಕುಂಬಳಕಾಯಿಯಾಗಿತ್ತು.

ಅಂದಿನಿಂದ ತಮ್ಮ ದಿಗ್ವಿಜಯ ಆರಂಭವಾಯಿತು. ತಮ್ಮನ್ನು ಚಳ್ಳಕೆರೆಯ ಹಕೀಮರಿಗೆ ತೋರಿಸಲು ಬಾಡಿಗೆ ಗಾಡಿಯಲ್ಲಿ ಕರೆದೊಯ್ದದ್ದಕ್ಕೆ ನನ್ನ ಹೆಂಡತಿ ಕೊಲ್ಲಾಪುರಮ್ಮನ ಬೆಳ್ಳಿಯ ಡಾಬು ಒತ್ತೆ ಹೋಯಿತು. ಹಕೀಮರ ಮುಲಾಮಿಗೆ ಹಿತ್ತಾಳೆಯ ಹಂಡೆ ಹೋಯಿತು. ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತದ್ದು ಪುಕ್ಕಟೆಯೇ. ಆದರೆ ಹರಕೆ ತೀರಿಸಲು ನಡೆಯಲಾರದ ನನ್ನನ್ನು ಬೆಟ್ಟದ ಮೇಲಕ್ಕೆ ಹೊತ್ತ ನಾಲ್ವರಿಗೆ ಊಟ ಹಾಕಬೇಕಾಯಿತು, ಆ ನಾಲ್ವರು ಎಂಟು ಜನರ ಊಟ ಮಾಡಿದರು. ಈ ಎಲ್ಲ ಪ್ರಯಾಣದಲ್ಲಿಯೂ ತಾವು ನನ್ನ ಜೊತೆಗೇ ಇದ್ದು ಗಾಡಿಯ ಬಾಡಿಗೆಯಲ್ಲಿ ಒಂದು ದುಡ್ಡನ್ನೂ ಹಂಚಿಕೊಳ್ಳಲಿಲ್ಲವೆಂಬುದನ್ನು ಸಂಕೋಚದಿಂದಲೇ ನೆನಪಿಸುತ್ತೇನೆ.

ಕೊನೆಗೆ ದುರ್ಗದ ಡಾಕ್ಟರರ ಬಳಿಗೆ ಹೋಗಲೇಬೇಕಾಯಿತು. ಔಷಧಿ ಧರ್ಮಾರ್ಥವೇ ಸರಿ, ಆದರೆ ದುರ್ಗ ದೂರ, ಗಾಡಿಯೆತ್ತುಗಳು ಧರ್ಮಾರ್ಥ ನಡೆಯುವುದಿಲ್ಲ, ಅಲ್ಲಿ ಹನ್ನೆರಡು ದಿನ ಉಳಿದು ತಿನ್ನಬೇಕು. ಮನೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಸೀರೆ. ಸಾಹುಕಾರರ ಸೀರೆಗಳನ್ನು ನೇಯ್ದು ಮಿಕ್ಕ ರೇಷ್ಮೆಯನ್ನು ಅವರ ಒಪ್ಪಿಗೆಯಿಂದಲೇ ಎರಡು ವರ್ಷ ಕೂಡಿಟ್ಟು, ಅರಿಶಿನದ ಒಡಲಿಗೆ ಕೆಂಪು ಅಂಚಿಟ್ಟು, ಈಶ್ವರಮ್ಮನ ಧಾರೆಗೆಂದು ನಾನೇ ನೇಯ್ದದ್ದು ಅದು. ಚಳ್ಳಕೆರೆಯ ವರ್ತಕ ಕೊಟ್ಟೂರಪ್ಪನವರು ಅದನ್ನು ಕೊಂಡರು. ಮಡಿಸಿ ಕೊಟ್ಟವಳು ಈಶ್ವರಮ್ಮನೇ. “ಕಾಲು ಒಂದು ಉಳೀಲಪ್ಪ, ಆಮ್ಯಾಕೆ ಇನ್ನೊಂದು ನೇಯ್ದು ಕೊಡ್ತೀಯಂತೆ” ಅಂದಳು. ಅವಳು ಅಳಲಿಲ್ಲ. ನಾನು ಅತ್ತೆ. ಮಗ್ಗದ ಗುಂಡಿಯಲ್ಲಿ ತುಳಿಮಣೆ ಒತ್ತುವುದಕ್ಕೆ ಎರಡು ಕಾಲೂ ಬೇಕೆಂಬುದು ಅವಳಿಗೂ ಗೊತ್ತು, ತಮಗೂ ಗೊತ್ತಿರಲೇಬೇಕು.

ತಮ್ಮ ಖ್ಯಾತಿ ನನ್ನ ಮನೆಯೊಳಗೇ ನಿಂತಿಲ್ಲ. ನಮ್ಮ ಬೀದಿಯ ಇಪ್ಪತ್ತೆರಡು ಮಗ್ಗಗಳಲ್ಲಿ ಒಂಬತ್ತು ಈ ತಿಂಗಳು ಸುಮ್ಮನಿವೆ. ದೇಶದ ಬೊಕ್ಕಸವೂ ತಮಗೆ ಕಪ್ಪ ಸಲ್ಲಿಸುತ್ತಿದೆಯೆಂದು ತಿಳಿದರೆ ತಮಗೆ ಹೆಮ್ಮೆಯಾದೀತು. ಹಿಂದಿನ ವರ್ಷ ತಮ್ಮ ಕುಲದವರನ್ನು ಎಣಿಸಲು ಒಬ್ಬ ಗುಮಾಸ್ತರು ಬಂದಿದ್ದರು. ಒಂದೇ ಕಾಲಿನಲ್ಲಿ ಇಬ್ಬರಿದ್ದರೆ ಒಂದು ಮನೆಯೆಂದು ಬರೆಯಬೇಕೋ ಎರಡೆಂದೋ ಎಂದು ಮೇಲಿನವರಿಗೆ ಬರೆದು ಕೇಳಿ, ಉತ್ತರ ಬರುವವರೆಗೂ ಭತ್ಯೆಯ ಮೇಲೆ ಇಲ್ಲಿಯೇ ಉಳಿದರು. ಬಾವಿಯ ನೀರಿಗೆ ಯಾರೂ ಕಾಲಿಡದಂತೆ ಮೆಟ್ಟಿಲು ಮುಚ್ಚಿಸಿ ರಾಟೆ ಇಡಿಸಬೇಕೆಂದು ಅಳತೆ ಮಾಡಲು ಬಂದ ಇನ್ನೊಬ್ಬರು, ಅಳತೆಗೇ ಹಣವೆಲ್ಲ ಮುಗಿಯಿತೆಂದು, ಬಾಯಾರಿ ಅದೇ ಬಾವಿಯ ನೀರು ಕುಡಿದು ಹೊರಟರು. ಅವರ ಕಾಲಿನಲ್ಲಿ ತಮ್ಮ ನೆಂಟರು ಸುಖವಾಗಿರಬಹುದು.

ಇನ್ನು ನನ್ನ ಬಿನ್ನಹಗಳು. ತಾವು ಅರ್ಧ ಹೊರಗೆ ಹೋಗಿ ಅರ್ಧ ನನ್ನಲ್ಲೇ ಉಳಿದಿರುವುದರಿಂದ, ಖರ್ಚಿನಲ್ಲಿ ಅರ್ಧವನ್ನಾದರೂ ದಯಪಾಲಿಸಬೇಕು. ಅದು ಆಗದಿದ್ದರೆ, ಮುಂದೆ ಬರುವ ತಮ್ಮವರು ಬಿಳಿಯ ಬಣ್ಣ ಬಿಟ್ಟು ಜರಿಯ ಬಣ್ಣದಲ್ಲಿ ಬರುವಂತೆ ಕಟ್ಟುಮಾಡಬೇಕು. ಸುತ್ತಿ ತೆಗೆದದ್ದನ್ನು ಅಂಚಿಗಾದರೂ ಬಳಸಿಕೊಂಡು ಡಾಬು ಬಿಡಿಸಿಕೊಳ್ಳುತ್ತೇನೆ. ಅದೂ ಆಗದಿದ್ದರೆ ಜ್ಯೇಷ್ಠ ಶುದ್ಧ ದಶಮಿಯ ಧಾರೆಯ ಹೊತ್ತಿಗೆ ಒಂದು ಗಳಿಗೆ ಸುಮ್ಮನಿರಬೇಕು. ಮಗಳನ್ನು ನಿಂತುಕೊಂಡೇ ಧಾರೆಯೆರೆದು ಕೊಡಬೇಕೆಂಬ ಆಸೆ ನನಗಿದೆ. ಇದೊಂದನ್ನು ತಮಾಷೆಗೆ ಬರೆದಿಲ್ಲ.

ಹೆಚ್ಚಿಗೆ ಬರೆದು ತಮ್ಮ ವಿಶ್ರಾಂತಿಗೆ ಭಂಗ ತರಲಾರೆ.

ತಮ್ಮ ವಿಶ್ವಾಸಿಯೂ, ಇಂದಿನವರೆಗೆ ತಮ್ಮ ವಾಸದ ಮನೆಯೂ ಆದ,
ಚಿತ್ತಯ್ಯ

ಬರೆಯಲು ಮರೆತದ್ದು: ಡಾಕ್ಟರರು ಕೀವು ತೆಗೆದು ಕಾಲು ಉಳಿಸಿ ಕಳುಹಿಸಿಕೊಡುವಾಗ, ಒಂದು ಕಾಸೂ ಕೇಳದೆ, ಕುಡಿಯುವ ನೀರನ್ನು ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೋಸಿದರೆ ತಮ್ಮವರು ಒಳಗೆ ಬರಲಾರರು, ಇಷ್ಟೇ ಮದ್ದು ಎಂದರು. ಮನೆಗೆ ಬಂದು ಹೇಳಿದೆ. ಕೊಲ್ಲಾಪುರಮ್ಮ ಮಗ್ಗದ ಕಡೆ ಕೈ ತೋರಿಸಿ, “ಊರೋರಿಗೆಲ್ಲಾ ನೇಯ್ದು ಉಡಿಸ್ತೀವಿ, ನಮ್ಮ ಬಿಂದಿಗೆ ಬಾಯಿಗೆ ಒಂದು ಗೇಣು ಬಟ್ಟೆ ಕಟ್ಟಾಕೆ ಯಾರಿಗೂ ಹೊಳೀಲಿಲ್ವಲ್ರೀ” ಅಂದಳು. ಮನೆಯೆಲ್ಲ ಹುಡುಕಿದರೆ ಸಿಕ್ಕಿದ್ದು, ಈಶ್ವರಮ್ಮನ ಸೀರೆ ಶುರುಮಾಡುವಾಗ ಹದ ನೋಡಲು ನೇಯ್ದು ಕತ್ತರಿಸಿಟ್ಟಿದ್ದ ತುಂಡು. ಅದನ್ನೇ ಇಂದು ಕಟ್ಟಿದ್ದೇವೆ. ತಮ್ಮ ಮಕ್ಕಳು ಬಂದರೆ ಅಂಚಿನ ಕೆಲಸವನ್ನು ಹೊರಗಿನಿಂದಲೇ ನೋಡಿಕೊಂಡು ಹೋಗಲಿ. ಲಗ್ನಕ್ಕೆ ನನ್ನ ಮಗಳು ಪಕ್ಕದ ಮನೆಯ ಸೀರೆ ಉಡುತ್ತಾಳೆ. ಅವಳದನ್ನು ನಮ್ಮ ಬಿಂದಿಗೆ ಉಟ್ಟುಕೊಂಡಿದೆ.